ಅನ್ನನಾಳಕ್ಕೆ ಹೋಗುವ ದಾರಿ

ಬಾಂದ್ರಾದ ಮೌಂಟ್ ಮೇರಿ ಗುಡ್ಡ ಹತ್ತುವವರಲ್ಲಿ ಹೆಚ್ಚಿನವರು ಚರ್ಚಿಗೆ ಹೋಗಿ, ಕೈ, ಕಾಲು, ಮನೆಯ ಆಕಾರದ ಮೇಣದ ಹರಕೆ ಒಪ್ಪಿಸಿ, ಸಮುದ್ರದ ಗಾಳಿಗೆ ಸ್ವಲ್ಪ ಹೊತ್ತು ನಿಂತು ಇಳಿದುಬಿಡುತ್ತಾರೆ. ಅದೇ ಗುಡ್ಡದಲ್ಲಿ ಶಾಂತಿ ಅವೇದನಾ ಸದನ ಎಂಬ ಇನ್ನೊಂದು ಮನೆಯಿದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ಕೊನೆಯವರೆಗೆ ನೋಡಿಕೊಳ್ಳುತ್ತಾರೆ. 1986ರಲ್ಲಿ ಆರಂಭವಾದ ಇದು ಭಾರತದ ಮೊದಲ ಹಾಸ್ಪಿಸ್. ನಮಗೆಲ್ಲ ಗೊತ್ತಿರುವ 'ವೇದನೆ' ಎಂಬ ಪದದ ಮುಂಚೆ ಒಂದು 'ಅ' ಸೇರಿಸಿ ಆ ಹೆಸರು ಮಾಡಿದ್ದಾರೆ. ರೋಗವಿಲ್ಲದ ಮನೆ ಎಂದು ಅವರು ಕರೆದುಕೊಂಡಿಲ್ಲ. ನೋವಿಲ್ಲದ ಮನೆ ಎಂದಷ್ಟೇ ಹೇಳಿದ್ದಾರೆ.

ಅದನ್ನು ಸ್ಥಾಪಿಸಿದವರು ಡಾ. ಎಲ್. ಜೆ. ಡಿಸೋಜಾ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅವರು ಕ್ಯಾನ್ಸರ್ ಶಸ್ತ್ರಚಿಕಿತ್ಸಕರಾಗಿದ್ದರು. ಗಡ್ಡೆ ಕತ್ತರಿಸಿ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವರು, ಕತ್ತರಿಸಿ ಪ್ರಯೋಜನವಿಲ್ಲದವರಿಗಾಗಿ ಒಂದು ಮನೆ ಮಾಡಬೇಕಾಯಿತು. ಅವರು ಯಾವುದೋ ಒಂದು ಅಂಗದ ಕ್ಯಾನ್ಸರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಮಾಡಿದ್ದಲ್ಲ. ಆದರೆ ಆ ಕಾಲದ ಶಸ್ತ್ರಚಿಕಿತ್ಸೆಯ ಮಿತಿ ಯಾವ ಅಂಗದಲ್ಲಿ ಅತಿ ಕಠೋರವಾಗಿ ಕಾಣುತ್ತಿತ್ತು ಎಂದು ಕೇಳಿದರೆ, ಉತ್ತರಗಳಲ್ಲಿ ಮೊದಲ ಸಾಲಿನಲ್ಲೇ ಬರುವುದು ಅನ್ನನಾಳ.

ನಾನು ಬಾಂದ್ರಾದಲ್ಲಿ ಕೂತು ಅನುವಾದ ಮಾಡಿ ಬದುಕುವ ಮನುಷ್ಯ. ರೋಗಿಗಳ ಕೈಗೆ ಕೊಡುವ ಮಾಹಿತಿ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ಆ ಕೆಲಸದ ಒಂದು ಪಾಲು. ಅನ್ನನಾಳದ ಕ್ಯಾನ್ಸರಿಗೆ ಎದೆ ಸೀಳದೆ, ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್ ಈಗ ದೊಡ್ಡ ಊರುಗಳಲ್ಲೆಲ್ಲ ಇದೆ. ಅದಕ್ಕೆ ಇಂಗ್ಲಿಷಿನಲ್ಲಿ 'ಮಿನಿಮಲಿ ಇನ್ವೇಸಿವ್' ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನೂರು ವರ್ಷಕ್ಕೂ ಹಿಂದಿನ ಚರಿತ್ರೆಗೆ ಹೋಗಿ ಮುಟ್ಟಬೇಕಾಗುತ್ತದೆ. ಯಾಕೆಂದರೆ ಚಿಕ್ಕದಾದದ್ದು ಯಾವುದು, ದೊಡ್ಡದಾಗಿಯೇ ಉಳಿದದ್ದು ಯಾವುದು ಎಂದು ತಿಳಿಯದೆ ಆ ಪದವನ್ನು ಅನುವಾದ ಮಾಡಲಾಗದು.

ಎಲ್ಲರ ನಡುವೆ ಸಿಕ್ಕಿಕೊಂಡ ನಾಳ

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ, ಮಾಂಸಖಂಡದ ಒಂದು ಕೊಳವೆ. ಗಂಟಲಿನಿಂದ ಜಠರಕ್ಕೆ ಅನ್ನ ಸಾಗಿಸುವುದಷ್ಟೇ ಅದರ ಕೆಲಸ. ಕೆಲಸ ಸರಳ, ಜಾಗ ಮಾತ್ರ ಕಷ್ಟದ್ದು. ಬೆನ್ನೆಲುಬಿನ ಮುಂದೆ, ಶ್ವಾಸನಾಳದ ಹಿಂದೆ, ಹೃದಯಕ್ಕೆ ಅಂಟಿಕೊಂಡಂತೆ, ಮೈಯ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಪಕ್ಕದಲ್ಲೇ ಅದು ಇಳಿಯುತ್ತದೆ. ಆಮೇಲೆ ವಪೆಯ ಒಂದು ಕಿಂಡಿಯಲ್ಲಿ ನುಸುಳಿ ಹೊಟ್ಟೆಗೆ ಬರುತ್ತದೆ. ಕತ್ತು, ಎದೆ, ಹೊಟ್ಟೆ ಈ ಮೂರೂ ಕಡೆ ಅದರ ವಾಸ. ನಮ್ಮ ದನಿ ಹೊರಡಿಸುವ ನರಗಳೂ ಅದರ ಮಗ್ಗುಲಲ್ಲೇ ಹಾದುಹೋಗುತ್ತವೆ. ಅನ್ನನಾಳದ ಆಪರೇಷನ್ ಆದವರಲ್ಲಿ ಕೆಲವರ ಮಾತು ಗೊಗ್ಗರಾಗುವುದು ಇದರಿಂದಲೇ.

ಇನ್ನೊಂದು ತೊಡಕಿದೆ. ಜಠರ, ಕರುಳುಗಳ ಮೇಲೆ ತೆಳ್ಳಗಿನ, ಗಟ್ಟಿಯಾದ ಒಂದು ಹೊರಪೊರೆ ಇರುತ್ತದೆ. ಹೊಲಿಗೆ ಹಾಕಿದರೆ ಅದು ಹಿಡಿದು ನಿಲ್ಲುತ್ತದೆ. ಅನ್ನನಾಳಕ್ಕೆ ಆ ಪೊರೆಯಿಲ್ಲ. ಹಾಗಾಗಿ ಗಡ್ಡೆ ಪಕ್ಕದ ಅಂಗಗಳಿಗೆ ಬೇಗ ಹಬ್ಬುತ್ತದೆ. ಕತ್ತರಿಸಿ ಜೋಡಿಸಿದರೆ ಜೋಡಣೆ ಸೋರುವ ಭಯವೂ ಹೆಚ್ಚು. ಎದೆಯೊಳಗೆ ಸೋರಿದರೆ ಎಂಜಲು, ಅನ್ನ, ಕ್ರಿಮಿ ಎಲ್ಲ ಹೃದಯ ಮತ್ತು ಶ್ವಾಸಕೋಶಗಳ ನಡುವೆ ಸೇರಿ ಕೀವಾಗುತ್ತದೆ.

ಹೀಗೆ ಶಸ್ತ್ರಚಿಕಿತ್ಸಕರ ಮುಂದೆ ಮೂರು ಪ್ರಶ್ನೆಗಳಿದ್ದವು. ಅಲ್ಲಿಗೆ ಹೋಗುವುದು ಹೇಗೆ? ತೆಗೆದ ಮೇಲೆ ಅನ್ನಕ್ಕೆ ದಾರಿ ಮಾಡುವುದು ಹೇಗೆ? ಹೋದ ದಾರಿಯ ಗಾಯದಿಂದಲೇ ರೋಗಿ ಸಾಯದಂತೆ ನೋಡಿಕೊಳ್ಳುವುದು ಹೇಗೆ? ಮುಂದಿನ ಚರಿತ್ರೆಯನ್ನು ಈ ಮೂರನೆಯ ಪ್ರಶ್ನೆಯ ಚರಿತ್ರೆ ಎಂದೇ ಓದಬಹುದು.

ರಬ್ಬರ್ ಕೊಳವೆಯಲ್ಲಿ ಉಂಡ ಹೆಂಗಸು

ಮೊದಲು ನೋಡುವ ಸಾಹಸ ನಡೆಯಿತು. 1868ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯ ನೆಟ್ಟನೆಯ ಒಂದು ಕೊಳವೆಯನ್ನು ಬಾಯಿಂದ ಜಠರದವರೆಗೆ ಇಳಿಸಿದ. ಅದಕ್ಕೆ ಅವನು ಆರಿಸಿಕೊಂಡದ್ದು ಕತ್ತಿ ನುಂಗುವ ಆಟದವನನ್ನು. ತಲೆ ಹಿಂದಕ್ಕೆ ವಾಲಿಸಿ, ಗಂಟಲು ಸಡಿಲ ಬಿಡುವ ವಿದ್ಯೆ ಅವನಿಗೆ ಮೊದಲೇ ಬರುತ್ತಿತ್ತು. ಇಂದಿನ ಎಂಡೋಸ್ಕೋಪಿಗೆ ಜಾತ್ರೆಯ ಆಟದವರೂ ಒಂದರ್ಥದಲ್ಲಿ ಗುರುಗಳು.

ತೆಗೆಯುವ ಸಾಹಸಕ್ಕೆ ಇನ್ನೂ ಕಾಲ ಬೇಕಿತ್ತು. ಎದೆಗೂಡು ತೆರೆದ ಕೂಡಲೇ ಹೊರಗಿನ ಗಾಳಿ ಒಳನುಗ್ಗಿ ಶ್ವಾಸಕೋಶ ಮುದುಡಿಬಿಡುತ್ತಿತ್ತು. 1904ರಲ್ಲಿ ಬ್ರೆಸ್ಲಾವಿನಲ್ಲಿ ಸೌಯರ್‌ಬ್ರುಖ್ ಎಂಬ ತರುಣ ವೈದ್ಯ ಗಾಳಿಯ ಒತ್ತಡ ಕಡಿಮೆ ಮಾಡಿದ ಒಂದು ಕೋಣೆಯನ್ನೇ ಕಟ್ಟಿದ. ರೋಗಿಯ ತಲೆ ಹೊರಗೆ, ಮೈ ಮತ್ತು ವೈದ್ಯರು ಒಳಗೆ. 1909ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಇನ್ನೂ ಸುಲಭದ ಉಪಾಯ ಬಂತು. ಶ್ವಾಸನಾಳಕ್ಕೆ ಕೊಳವೆ ಇಳಿಸಿ ಗಾಳಿಯನ್ನೂ ಅರಿವಳಿಕೆಯನ್ನೂ ಒತ್ತಿ ಕಳಿಸುವುದು.

ಅದರ ಬಲದಿಂದ 1913ರ ಮಾರ್ಚ್‌ನಲ್ಲಿ ಅದೇ ನ್ಯೂಯಾರ್ಕಿನಲ್ಲಿ ಫ್ರಾಂಝ್ ಟೊರೆಕ್ 67 ವರ್ಷದ ಹೆಂಗಸೊಬ್ಬಳ ಎದೆ ತೆರೆದು ಕ್ಯಾನ್ಸರ್ ಹಿಡಿದ ಅನ್ನನಾಳವನ್ನು ತೆಗೆದ. ಎದೆಯ ಮೂಲಕ ಮಾಡಿದ ಈ ಆಪರೇಷನ್ನಿನಲ್ಲಿ ರೋಗಿ ಉಳಿದದ್ದು ಅದೇ ಮೊದಲು. ಮತ್ತೆ ಜೋಡಿಸುವ ಧೈರ್ಯ ಮಾತ್ರ ಅವನು ಮಾಡಲಿಲ್ಲ. ಕತ್ತಿನಲ್ಲಿ ಒಂದು ತೂತು, ಹೊಟ್ಟೆಯ ಮೇಲೆ ಒಂದು ತೂತು ಬಿಟ್ಟ. ಊಟದ ಹೊತ್ತಿಗೆ ಆಕೆ ಎರಡರ ನಡುವೆ ಒಂದು ರಬ್ಬರ್ ಕೊಳವೆ ಸೇರಿಸಿಕೊಳ್ಳುತ್ತಿದ್ದಳು. ನುಂಗಿದ ಅನ್ನ ಮೈಯ ಹೊರಗಿನಿಂದ ಸಾಗಿ ಹೊಟ್ಟೆಗೆ ಸೇರುತ್ತಿತ್ತು. ಹಾಗೆಯೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಅವಳ ಹಾಗೆ ಬದುಕಿದವರು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬಹಳ ವಿರಳ.

ಜೋಡಿಸುವ ಕಲೆ 1930ರ ದಶಕದಲ್ಲಿ ಬಂತು. ಕ್ಯೋಟೋದಲ್ಲಿ ಓಸಾವಾ 1933ರಲ್ಲಿ, ಅಮೆರಿಕದಲ್ಲಿ ಇನ್ನು ಕೆಲವರು 1938ರಲ್ಲಿ, ಜಠರವನ್ನೇ ಮೇಲಕ್ಕೆಳೆದು ಎದೆಯೊಳಗೆ ಅನ್ನನಾಳದ ಉಳಿದ ತುದಿಗೆ ಹೊಲಿದರು. ಉಪಾಯದ ಸಾರ ಇಂದಿಗೂ ಅದೇ. ಜಠರವನ್ನು ಉದ್ದಕ್ಕೆ ಕತ್ತರಿಸಿ ಕೊಳವೆಯಂತೆ ಮಾಡಿ, ಹೋದ ಅನ್ನನಾಳದ ಜಾಗಕ್ಕೆ ಏರಿಸುತ್ತಾರೆ. 1946ರಲ್ಲಿ ಬ್ರಿಟನ್ನಿನ ಐವರ್ ಲೂಯಿಸ್ ಮೊದಲು ಹೊಟ್ಟೆ, ಆಮೇಲೆ ಬಲ ಎದೆ ತೆರೆಯುವ ಕ್ರಮ ಹೇಳಿಕೊಟ್ಟ. 1976ರಲ್ಲಿ ಮೆಕ್ಯೂನ್ ಮೂರನೆಯ ಗಾಯವೊಂದನ್ನು ಸೇರಿಸಿ ಜೋಡಣೆಯನ್ನು ಕತ್ತಿಗೆ ತಂದ. ಕತ್ತಿನಲ್ಲಿ ಸೋರಿದರೆ ಹೊರಗೆ ಹರಿಯುತ್ತದೆ, ಎದೆಯೊಳಗೆ ಸೋರಿದಷ್ಟು ಅಪಾಯವಿಲ್ಲ. 1978ರಲ್ಲಿ ಮಿಶಿಗನ್ನಿನ ಒರಿಂಜರ್ ಎದೆ ತೆರೆಯುವುದನ್ನೇ ಬಿಟ್ಟು, ಹೊಟ್ಟೆಯಿಂದಲೂ ಕತ್ತಿನಿಂದಲೂ ಕೈ ಹಾಕಿ, ಬೆರಳಿನ ಅಂದಾಜಿನ ಮೇಲೆ ಅನ್ನನಾಳ ಬಿಡಿಸುವ ವಿಧಾನವನ್ನು ಮತ್ತೆ ರೂಢಿಗೆ ತಂದ. ಎದೆಯ ಗಾಯ ತಪ್ಪಿತು. ಆದರೆ ಅದರ ಬಹುಭಾಗ ಕಣ್ಣಿಗೆ ಕಾಣದೆ ಮಾಡುವ ಕೆಲಸವಾಗಿತ್ತು.

ಇವರೆಲ್ಲ ಹುಡುಕುತ್ತಿದ್ದುದು ಒಂದೇ, ಕಡಿಮೆ ಬೆಲೆ ತೆರುವ ದಾರಿ.

ನೂರರಲ್ಲಿ ನಾಲ್ಕು

ಆ ಬೆಲೆ ಎಷ್ಟಿತ್ತು ಎಂದು 1980ರಲ್ಲಿ ಲಂಡನ್ನಿನ ಅರ್ಲಮ್ ಮತ್ತು ಅವರ ಸಹೋದ್ಯೋಗಿ ಕುನ್ಯಾ ಮೆಲೊ ಲೆಕ್ಕ ಹಾಕಿದರು. ಜಗತ್ತಿನ ಬೇರೆ ಬೇರೆ ಕಡೆಯಿಂದ ಪ್ರಕಟವಾದ 122 ವರದಿಗಳನ್ನು, 83,783 ರೋಗಿಗಳ ವಿವರವನ್ನು ಒಟ್ಟು ಸೇರಿಸಿ ನೋಡಿದರು. ಸಿಕ್ಕ ಚಿತ್ರ ಇದು. ಅನ್ನನಾಳದ ಕ್ಯಾನ್ಸರ್ ಬಂದ 100 ಜನರಲ್ಲಿ 58 ಮಂದಿಯನ್ನು ಆಪರೇಷನ್ನಿಗೆಂದು ತೆರೆಯುತ್ತಾರೆ. 39 ಮಂದಿಯಲ್ಲಿ ಗಡ್ಡೆ ತೆಗೆಯಲು ಸಾಧ್ಯವಾಗುತ್ತದೆ. ಅವರಲ್ಲಿ 13 ಮಂದಿ ಆಸ್ಪತ್ರೆಯಲ್ಲೇ ಸಾಯುತ್ತಾರೆ. ಮನೆಗೆ ಹೋದ 26 ಮಂದಿಯಲ್ಲಿ ಒಂದು ವರ್ಷ ಬದುಕುವವರು 18, ಎರಡು ವರ್ಷ ಬದುಕುವವರು 9, ಐದು ವರ್ಷ ಬದುಕುವವರು 4.

ಈ ಲೆಕ್ಕದ ಒಂದು ಸಾಲನ್ನು ಬಿಡಿಸಿ ನೋಡಬೇಕು. ಗಡ್ಡೆ ತೆಗೆಸಿಕೊಂಡ ಮೂವರಲ್ಲಿ ಒಬ್ಬರು ಆಸ್ಪತ್ರೆಯಿಂದ ಜೀವಂತ ಮರಳುತ್ತಿರಲಿಲ್ಲ. ಅವರು ಸತ್ತದ್ದು ಕ್ಯಾನ್ಸರಿನಿಂದಲ್ಲ, ಆಪರೇಷನ್ನಿನಿಂದ. ಬಾಂದ್ರಾದ ಮನೆ ಬಾಗಿಲು ತೆರೆದದ್ದು ಈ ಲೆಕ್ಕ ಪ್ರಕಟವಾದ ಆರು ವರ್ಷಕ್ಕೆ ಎಂಬುದನ್ನು ನೆನಪಿಟ್ಟುಕೊಂಡರೆ, ಶಸ್ತ್ರಚಿಕಿತ್ಸಕರೊಬ್ಬರು ಯಾಕೆ ಅಂಥ ಮನೆ ಮಾಡಿದರು ಎಂಬುದು ಒಗಟಾಗಿ ಉಳಿಯುವುದಿಲ್ಲ.

ಸಾವಿಗೆ ಮುಖ್ಯ ಕಾರಣ ಎರಡು: ಜೋಡಣೆ ಸೋರುವುದು ಮತ್ತು ಶ್ವಾಸಕೋಶ. ಎದೆಯನ್ನು ತೆರೆಯಲು ಪಕ್ಕೆಲುಬುಗಳ ನಡುವೆ ಉದ್ದಕ್ಕೆ ಸೀಳಿ, ಉಕ್ಕಿನ ಚಿಮುಟದಿಂದ ಅಗಲಿಸಬೇಕು. ಪಕ್ಕೆಲುಬು ಮುರಿಯುವುದೂ ಉಂಟು. ಎಚ್ಚರವಾದ ಮೇಲೆ ಪ್ರತಿ ಉಸಿರಿಗೂ ಆ ಗಾಯ ಎಳೆಯುತ್ತದೆ. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಒಳಗೇ ನಿಲ್ಲುತ್ತದೆ, ನ್ಯುಮೋನಿಯಾ ಆಗುತ್ತದೆ. ಮೊದಲೇ ತಿಂಗಳುಗಟ್ಟಲೆ ಸರಿಯಾಗಿ ಉಣ್ಣಲಾಗದೆ ಸೊರಗಿದ ಮೈ, ಹಲವರಲ್ಲಿ ಬೀಡಿ ಸೇದಿ ಹಾಳಾದ ಶ್ವಾಸಕೋಶ. ಅಲ್ಲಿಗೆ ಮುಗಿಯಿತು.

ಜೆ.ಜೆ. ಆಸ್ಪತ್ರೆಯ ಪಿತ್ತಕೋಶ

ಸಣ್ಣ ರಂಧ್ರದ ದಾರಿ ಬಂದದ್ದು ಬೇರೆ ಅಂಗಗಳಿಂದ. 1910ರಲ್ಲಿ ಸ್ಟಾಕ್‌ಹೋಮಿನ ಯಾಕೋಬೇಯಸ್ ಮನುಷ್ಯರ ಹೊಟ್ಟೆಯೊಳಗೂ ಎದೆಯೊಳಗೂ ಸಣ್ಣ ತೂತಿನಿಂದ ಕೊಳವೆ ಕಳಿಸಿ ನೋಡಿದ. ಮುಂದೆ ಅದನ್ನು ಕ್ಷಯರೋಗಿಗಳ ಎದೆಯಲ್ಲಿ ಅಂಟಿಕೊಂಡ ಪೊರೆ ಬಿಡಿಸಲು ಬಳಸಿದರು. ಕ್ಷಯಕ್ಕೆ ಔಷಧ ಬಂದ ಮೇಲೆ ಆ ವಿದ್ಯೆ ಮೂಲೆಗೆ ಸೇರಿತು. ಹೊಟ್ಟೆಯ ಕಡೆ ಅದನ್ನು ಉಳಿಸಿಕೊಂಡು ಬಂದವರಲ್ಲಿ ಸ್ತ್ರೀರೋಗ ತಜ್ಞರೇ ಮುಖ್ಯರು. ಅವರಲ್ಲೊಬ್ಬನಾದ ಕೀಲ್ ನಗರದ ಕುರ್ಟ್ ಸೆಮ್ 1980ರಲ್ಲಿ ಅಪೆಂಡಿಕ್ಸನ್ನು ತೂತಿನ ಮೂಲಕ ತೆಗೆದಾಗ ಶಸ್ತ್ರಚಿಕಿತ್ಸಕರು ಮೆಚ್ಚುವ ಬದಲು ಸಿಟ್ಟಾದರು. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ, 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಪಿತ್ತಕೋಶ ತೆಗೆದರು. ಕೊಳವೆಯ ತುದಿಗೆ ಪುಟ್ಟ ಕ್ಯಾಮೆರಾ ಸೇರಿ ಟಿವಿ ಪರದೆಯಲ್ಲಿ ಎಲ್ಲರೂ ನೋಡುವಂತಾದ ಮೇಲೆ ವಿದ್ಯೆ ಹರಡಿತು. ಸಹಾಯಕರಿಗೂ ಕಾಣತೊಡಗಿತು, ಕಲಿಯುವವರಿಗೂ ಕಾಣತೊಡಗಿತು.

ಭಾರತಕ್ಕೆ ಅದು ಕಾಲಿಟ್ಟದ್ದು ಮುಂಬೈಯಲ್ಲೇ. ಬೈಕುಲ್ಲಾದ ಸರ್ಕಾರಿ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ 1972ರಿಂದಲೇ ರೋಗ ಪತ್ತೆಗೆ ಲ್ಯಾಪ್ರೋಸ್ಕೋಪಿ ಬಳಸುತ್ತಿದ್ದರು. ಸ್ಕ್ಯಾನ್‌ಗಳು ಇನ್ನೂ ಕೈಗೆಟುಕದ ಕಾಲದಲ್ಲಿ ಬಡ ರೋಗಿಯ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಲು ಅದು ಅಗ್ಗದ ಉಪಾಯವಾಗಿತ್ತು. 1990ರ ಮೇ 31ರಂದು ಅವರು ಅಲ್ಲಿ ಭಾರತದ ಮೊದಲ ಲ್ಯಾಪ್ರೋಸ್ಕೋಪಿಕ್ ಪಿತ್ತಕೋಶ ಆಪರೇಷನ್ ಮಾಡಿದರು. ಶ್ರೀಮಂತ ದೇಶಗಳ ಆಟಿಕೆ ಎಂದು ಆಗ ಮೂಗು ಮುರಿದವರಿದ್ದರು. ಉದ್ವಾಡಿಯಾ ಅವರ ವಾದ ತಿರುವುಮುರುವಾಗಿತ್ತು. ದಿನಗೂಲಿಯವನು ಬೇಗ ಎದ್ದು ಕೆಲಸಕ್ಕೆ ಹೋಗಬೇಕಾದವನು, ಚಿಕ್ಕ ಗಾಯದ ಅಗತ್ಯ ಅವನಿಗೇ ಹೆಚ್ಚು ಎಂಬುದು. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಈ ಮಾತನ್ನು ಬಿಡಲಿಲ್ಲ.

ಪಿತ್ತಕೋಶದಲ್ಲಿ ಕಲಿತದ್ದನ್ನು ಅನ್ನನಾಳಕ್ಕೆ ಒಯ್ದವರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಆಲ್ಫ್ರೆಡ್ ಕುಶಿಯೆರಿ ಮೊದಲಿಗರು. 1992ರಲ್ಲಿ ಅವರ ತಂಡ ಬಲ ಎದೆಯ ಸಣ್ಣ ರಂಧ್ರಗಳಿಂದ ಅನ್ನನಾಳ ಬಿಡಿಸಿದ ವಿವರ ಪ್ರಕಟಿಸಿತು. ಒರಿಂಜರ್ ಬೆರಳಿನ ಅಂದಾಜಿನಲ್ಲಿ ಮಾಡಿದ್ದನ್ನು ಈಗ ಪರದೆಯ ಮೇಲೆ, ಬರಿಗಣ್ಣಿಗಿಂತ ದೊಡ್ಡದಾಗಿ ನೋಡುತ್ತ ಮಾಡಬಹುದಾಯಿತು.

ಕವುಚಿ ಮಲಗಿಸಿದಾಗ

ಶುರುವಿನಲ್ಲಿ ಫಲ ನಿರೀಕ್ಷಿಸಿದಷ್ಟು ಬರಲಿಲ್ಲ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸುತ್ತಿದ್ದರು. ಹಾಗೆ ಮಲಗಿದಾಗ ಬಲ ಶ್ವಾಸಕೋಶ ಅನ್ನನಾಳದ ಮೇಲೆಯೇ ಬಂದು ಬೀಳುತ್ತದೆ. ಅದನ್ನು ಪೂರ್ತಿ ಮುದುಡಿಸಿ, ಒಂದೇ ಶ್ವಾಸಕೋಶದಲ್ಲಿ ಗಂಟೆಗಟ್ಟಲೆ ಉಸಿರಾಡಿಸಿ, ಉಪಕರಣದಿಂದ ಬದಿಗೆ ಒತ್ತಿ ಹಿಡಿಯಬೇಕು. ಒಸರಿದ ರಕ್ತವೂ ಕೆಲಸದ ಜಾಗದಲ್ಲೇ ಮಡುಗಟ್ಟುತ್ತದೆ. ಹೊರಗಿನ ಗಾಯ ಚಿಕ್ಕದಾದರೂ ಶ್ವಾಸಕೋಶಕ್ಕೆ ಬಿದ್ದ ಪೆಟ್ಟು ಉಳಿಯುತ್ತಿತ್ತು.

ರೋಗಿಯನ್ನು ಕವುಚಿ ಮಲಗಿಸಿದರೆ ಹೇಗೆ ಎಂದು ಕುಶಿಯೆರಿ 1994ರಲ್ಲೇ ತೋರಿಸಿದ್ದರು. ಹೆಚ್ಚು ಮಂದಿ ಗಮನಿಸಿರಲಿಲ್ಲ. ಅದನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿ ಜಗತ್ತಿನ ಮುಂದಿಟ್ಟವರು ನಮ್ಮ ನೆರೆಯ ಕೊಯಮತ್ತೂರಿನ ಡಾ. ಸಿ. ಪಳನಿವೇಲು. ಜೆಮ್ ಆಸ್ಪತ್ರೆಯ ಅವರ ತಂಡ 2006ರಲ್ಲಿ 130 ರೋಗಿಗಳ ಅನುಭವ ಪ್ರಕಟಿಸಿತು. ಸತ್ತವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಕವುಚಿ ಮಲಗಿದಾಗ ಶ್ವಾಸಕೋಶ ತನ್ನ ಭಾರಕ್ಕೆ ತಾನೇ ಕೆಳಕ್ಕೆ ಜಾರುತ್ತದೆ, ಹೃದಯವೂ ಮುಂದಕ್ಕೆ ವಾಲುತ್ತದೆ, ರಕ್ತ ಬೇರೆ ಕಡೆಗೆ ಹರಿದುಹೋಗುತ್ತದೆ. ಬೆನ್ನೆಲುಬಿನ ಮುಂದಿನ ಅನ್ನನಾಳ ತೆರೆದು ಕಾಣುತ್ತದೆ. ಯಾರೂ ಏನನ್ನೂ ಒತ್ತಿ ಹಿಡಿಯಬೇಕಿಲ್ಲ. ಭೂಮಿಯ ಸೆಳೆತವೇ ಒಬ್ಬ ಸಹಾಯಕನ ಕೆಲಸ ಮಾಡುತ್ತದೆ. ಹೊಸ ಯಂತ್ರ ಬೇಕಾಗಲಿಲ್ಲ, ಮಲಗಿಸುವ ಭಂಗಿ ಬದಲಾಯಿತು.

ಅತ್ತ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಜೇಮ್ಸ್ ಲುಕೆಟಿಕ್ 2003ರಲ್ಲಿ 222 ರೋಗಿಗಳ ಲೆಕ್ಕ ಕೊಟ್ಟಿದ್ದರು. ಸಾವು ನೂರಕ್ಕೆ 1.4. 1980ರ ಲೆಕ್ಕದ ಪಕ್ಕದಲ್ಲಿ ಇಟ್ಟರೆ ನಂಬಲಾಗದ ಅಂತರ. ಆದರೆ ಅದೆಲ್ಲ ರಂಧ್ರದ ಪುಣ್ಯವಲ್ಲ. ಆ ಇಪ್ಪತ್ತಮೂರು ವರ್ಷಗಳಲ್ಲಿ ಅರಿವಳಿಕೆ, ತೀವ್ರ ನಿಗಾ ಘಟಕ, ಸ್ಕ್ಯಾನ್, ಹೊಲಿಯುವ ಸ್ಟೇಪ್ಲರ್, ಕೊಳವೆಯಲ್ಲಿ ಆಹಾರ ಕೊಡುವ ಕ್ರಮ ಎಲ್ಲವೂ ಸುಧಾರಿಸಿದ್ದವು. ಯಾರಿಗೆ ಆಪರೇಷನ್ ಮಾಡಬಾರದು ಎಂದು ಮೊದಲೇ ತಿಳಿಯತೊಡಗಿತ್ತು. ರಂಧ್ರದ ಪಾಲೆಷ್ಟು, ಉಳಿದವುಗಳ ಪಾಲೆಷ್ಟು?

ಚೀಟಿ ಎತ್ತಿ ನೋಡಿದ ಲೆಕ್ಕ

ಅದನ್ನು ತಿಳಿಯಲು ಒಂದೇ ಕಾಲದ, ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಬೇಕು. ನೆದರ್ಲೆಂಡ್ಸ್, ಸ್ಪೇನ್, ಇಟಲಿಯ ಐದು ಆಸ್ಪತ್ರೆಗಳು ಅದನ್ನು ಮಾಡಿದವು. ಒಟ್ಟು 115 ರೋಗಿಗಳು. 56 ಮಂದಿಗೆ ತೆರೆದ ಆಪರೇಷನ್, 59 ಮಂದಿಗೆ ಸಣ್ಣ ರಂಧ್ರದ್ದು, ಅದೂ ಕವುಚಿ ಮಲಗಿಸಿ. 2012ರಲ್ಲಿ ಫಲ ಬಂತು. ಮೊದಲ ಎರಡು ವಾರಗಳಲ್ಲಿ ಶ್ವಾಸಕೋಶದ ಸೋಂಕು ತೆರೆದ ಗುಂಪಿನಲ್ಲಿ ನೂರಕ್ಕೆ 29, ರಂಧ್ರದ ಗುಂಪಿನಲ್ಲಿ ನೂರಕ್ಕೆ 9.

2019ರಲ್ಲಿ ಫ್ರಾನ್ಸಿನಿಂದ ಇನ್ನೊಂದು ಲೆಕ್ಕ ಬಂತು. 207 ರೋಗಿಗಳು. ಅಲ್ಲಿ ಎದೆಯನ್ನು ಎರಡೂ ಗುಂಪಿನಲ್ಲಿ ತೆರೆದೇ ಮಾಡಿದರು. ಹೊಟ್ಟೆಯ ಭಾಗವನ್ನಷ್ಟೇ ಒಂದು ಗುಂಪಿನಲ್ಲಿ ರಂಧ್ರದಿಂದ ಮಾಡಿದರು. ಅಷ್ಟಕ್ಕೇ ದೊಡ್ಡ ತೊಂದರೆಗಳು ನೂರಕ್ಕೆ 64ರಿಂದ 36ಕ್ಕೆ ಇಳಿದವು. ಅದೇ ವರ್ಷ ನೆದರ್ಲೆಂಡ್ಸಿನ ಉಟ್ರೆಕ್ಟ್‌ನವರು ರೋಬೋಟ್ ಕೈಗಳಿಂದ ಮಾಡಿದ ಆಪರೇಷನ್ನನ್ನು ತೆರೆದದ್ದರ ಜತೆ ಹೋಲಿಸಿದಾಗಲೂ ತೊಂದರೆಗಳು ಕಡಿಮೆಯೇ ಕಂಡವು.

ಇನ್ನು ಬದಲಾಗದೆ ಉಳಿದದ್ದರ ಲೆಕ್ಕ. ಐದು ಆಸ್ಪತ್ರೆಗಳ ಅದೇ ಅಧ್ಯಯನದಲ್ಲಿ ಜೋಡಣೆ ಸೋರುವ ಪ್ರಮಾಣದಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಮೂರು ವರ್ಷ ಕಳೆದ ಮೇಲೆ ಬದುಕುಳಿದವರ ಸಂಖ್ಯೆಯಲ್ಲೂ ಖಚಿತವಾಗಿ ಹೇಳಬಲ್ಲ ಅಂತರ ಸಿಗಲಿಲ್ಲ. ಆಯಸ್ಸು ಹೆಚ್ಚಿಸಿದ್ದು ಬೇರೊಂದು ದಾರಿ. ನೆದರ್ಲೆಂಡ್ಸಿನಲ್ಲಿ 366 ರೋಗಿಗಳ ಮೇಲೆ ನಡೆದು 2012ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ, ಆಪರೇಷನ್ನಿಗೆ ಮೊದಲು ಕೀಮೋ ಮತ್ತು ವಿಕಿರಣ ಕೊಟ್ಟರೆ ಅರ್ಧದಷ್ಟು ರೋಗಿಗಳು ಬದುಕುವ ಅವಧಿ ಸುಮಾರು 24 ತಿಂಗಳಿಂದ 49 ತಿಂಗಳಿಗೆ ಏರುತ್ತದೆ ಎಂದು ತೋರಿಸಿತು. ರೋಗದ ಜತೆ ಸೆಣಸುವುದು ಆ ಔಷಧಿ ಮತ್ತು ಕಿರಣ. ಆಪರೇಷನ್ನಿನ ಗಾಯದ ಜತೆ ಸೆಣಸುವುದು ಸಣ್ಣ ರಂಧ್ರ.

ಒಂದು ಎಚ್ಚರವೂ ಬೇಕು. ಯುರೋಪಿನಲ್ಲಿ ಈಗ ಹೆಚ್ಚಾಗಿರುವುದು ಅನ್ನನಾಳದ ಕೆಳತುದಿಯ, ಆಮ್ಲದ ಉರಿ ಮತ್ತು ಬೊಜ್ಜಿಗೆ ನಂಟಿರುವ ಬಗೆ. ನಮ್ಮಲ್ಲಿ ಹೆಚ್ಚಿನದು ಒಳಪದರದ ಚಪ್ಪಟೆ ಕಣಗಳಿಂದ ಹುಟ್ಟುವ, ಹೊಗೆಸೊಪ್ಪು, ಬೀಡಿ, ಮದ್ಯ, ಎಲೆ ಅಡಿಕೆಗಳ ನಂಟಿನದು. ಅದು ಎದೆಯ ನಡುಭಾಗದಲ್ಲಿ ಕೂರುವುದು ಹೆಚ್ಚು. ಅಂದರೆ ಎದೆಯ ದಾರಿ ನಮಗೆ ಇನ್ನೂ ಮುಖ್ಯ.

'ಚಿಕ್ಕ ಆಪರೇಷನ್' ಅನ್ನಬಹುದೇ

ಈಗ ಪದಕ್ಕೆ ಬರೋಣ. ಮುಂಬೈಯ ಮರಾಠಿ ಪತ್ರಿಕೆಗಳು ಇದನ್ನು ದುರ್ಬೀನಿನ ಶಸ್ತ್ರಕ್ರಿಯೆ ಎನ್ನುತ್ತವೆ. ಹಿಂದಿಯಲ್ಲೂ 'ದೂರ್‌ಬೀನ್ ವಾಲಾ ಆಪರೇಷನ್'. ನಮ್ಮವರು 'ತೂತು ಹಾಕಿ ಮಾಡೋದು' ಎನ್ನುತ್ತಾರೆ, ಇಲ್ಲವೇ ಹೊಟ್ಟೆಗಾದರೂ ಎದೆಗಾದರೂ 'ಲ್ಯಾಪ್ರೋಸ್ಕೋಪಿ' ಎಂದುಬಿಡುತ್ತಾರೆ. ಈ ಎಲ್ಲ ಮಾತುಗಳೂ ಸಾಧನವನ್ನೋ ತೂತನ್ನೋ ಹೆಸರಿಸುತ್ತವೆ. ಹಾಗಾಗಿ ಸುಳ್ಳು ಹೇಳುವುದಿಲ್ಲ. ಇಂಗ್ಲಿಷ್ ಪದ ಮಾತ್ರ ಇಡೀ ಕೆಲಸಕ್ಕೇ 'ಕನಿಷ್ಠ' ಎಂಬ ವಿಶೇಷಣ ಅಂಟಿಸುತ್ತದೆ. ಅದನ್ನು ಕನ್ನಡಕ್ಕೆ 'ಕನಿಷ್ಠ ಶಸ್ತ್ರಚಿಕಿತ್ಸೆ' ಎಂದೋ 'ಚಿಕ್ಕ ಆಪರೇಷನ್' ಎಂದೋ ತಂದರೆ ಓದುವವರು ಏನು ತಿಳಿಯುತ್ತಾರೆ? ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡ ದೊಡ್ಡಮ್ಮ ಮಾರನೆಯ ದಿನವೇ ಮನೆಗೆ ಬಂದದ್ದು ನೆನಪಾಗುತ್ತದೆ. ಇದೂ ಅದರಂತೆಯೇ ಎಂದುಕೊಳ್ಳುತ್ತಾರೆ.

ಹಾಗಲ್ಲ. ರಂಧ್ರ ಚಿಕ್ಕದಾದರೂ ಒಳಗೆ ಅನ್ನನಾಳದ ಬಹುಭಾಗ ಹೋಗುತ್ತದೆ, ಸುತ್ತಲಿನ ದುಗ್ಧಗ್ರಂಥಿಗಳು ಹೋಗುತ್ತವೆ, ಜಠರ ಕೊಳವೆಯಾಗಿ ಎದೆಗೋ ಕತ್ತಿಗೋ ಏರುತ್ತದೆ. ಹಲವು ಗಂಟೆಗಳ ಕೆಲಸ. ಆಸ್ಪತ್ರೆಯಲ್ಲಿ ವಾರವೋ ಹೆಚ್ಚೋ ಇರಬೇಕು. ಆಮೇಲೆ ಉಣ್ಣುವ ರೀತಿಯೇ ಬದಲಾಗುತ್ತದೆ. ಮೂರು ಹೊತ್ತಿನ ಊಟ ಆರು ಸಲದ ತುತ್ತಾಗುತ್ತದೆ. ಉಂಡ ಕೂಡಲೇ ಮಲಗುವಂತಿಲ್ಲ. ತಲೆಯ ಕಡೆ ಎತ್ತರ ಮಾಡಿಕೊಂಡೇ ಮಲಗಬೇಕು. ತೂಕ ತಿಂಗಳುಗಟ್ಟಲೆ ಹಿಂದಿನಷ್ಟಾಗುವುದಿಲ್ಲ. ಇದನ್ನು ತಿಳಿದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಕ್ಕೂ, 'ಚಿಕ್ಕದು' ಎಂದು ನಂಬಿ ಹಾಕುವುದಕ್ಕೂ ಬಹಳ ಅಂತರ. ನಾನು ಬರೆಯುವುದು 'ಸಣ್ಣ ರಂಧ್ರಗಳ ಮೂಲಕ ಮಾಡುವ ದೊಡ್ಡ ಆಪರೇಷನ್' ಎಂದು. ಉದ್ದವಾಯಿತು ನಿಜ. ಮೊಟಕು ಮಾಡಿದರೆ ರೋಗಿಗೆ ಬೇಕಾದ ಅರ್ಧ ಮಾತು ಬಿಟ್ಟುಹೋಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮನೆಯವರು ಕೇಳಲೇಬೇಕು. ಈ ಆಪರೇಷನ್ ನಿಮ್ಮಲ್ಲಿ ವರ್ಷಕ್ಕೆ ಎಷ್ಟಾಗುತ್ತದೆ? 2002ರಲ್ಲಿ ಅಮೆರಿಕದ ಹಿರಿಯ ವಯಸ್ಸಿನ ರೋಗಿಗಳ ದಾಖಲೆ ಪರಿಶೀಲಿಸಿದಾಗ, ಅನ್ನನಾಳದ ಆಪರೇಷನ್ ತೀರ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ನೂರಕ್ಕೆ ಸುಮಾರು 20, ಅತಿ ಹೆಚ್ಚು ಮಾಡುವಲ್ಲಿ ಸುಮಾರು 8 ಎಂದು ತಿಳಿದುಬಂತು. ಕ್ಯಾಮೆರಾ, ರೋಬೋಟ್‌ಗಳನ್ನು ಹಣ ಕೊಟ್ಟು ತರಬಹುದು. ಕೈ ಪಳಗುವುದು ಮಾಡಿ ಮಾಡಿಯೇ. 1941ರಲ್ಲಿ ತೆರೆದ ಟಾಟಾ ಆಸ್ಪತ್ರೆಗೆ ಇಂದಿಗೂ ಜನ ದೂರದೂರದಿಂದ ರೈಲು ಹತ್ತಿ ಬರುವುದರ ಹಿಂದೆ ಈ ನಂಬಿಕೆಯಿದೆ. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಮುಂದೆ ಬೆಳಗಿನಿಂದಲೇ ಜನ ಸೇರುವುದೂ ಹಾಗೆಯೇ.

ಸೇರುವುದಿಲ್ಲ, ಇಳಿಯುವುದಿಲ್ಲ

ದಾರಿ ಎಷ್ಟು ಸುಗಮವಾದರೂ, ಅದಕ್ಕೆ ಬಂದು ಸೇರುವ ಹೊತ್ತಿಗೆ ಕ್ಯಾನ್ಸರ್ ಹಬ್ಬಿಬಿಟ್ಟಿದ್ದರೆ ಕತ್ತರಿಸುವ ಮಾತೇ ಬರುವುದಿಲ್ಲ. ಅನ್ನನಾಳ ಹಿಗ್ಗುವ ಗುಣದ್ದು. ಒಳಗೆ ಬಹಳ ಜಾಗ ಮುಚ್ಚಿಹೋಗುವವರೆಗೆ ತೊಂದರೆ ತಿಳಿಯುವುದಿಲ್ಲ. ತಿಳಿದ ಮೇಲೂ ನಮ್ಮ ಅಡುಗೆ, ನಮ್ಮ ಮಾತು ಎರಡೂ ಅದನ್ನು ಸ್ವಲ್ಪ ಕಾಲ ಮುಚ್ಚಿಡುತ್ತವೆ.

ಕನ್ನಡದಲ್ಲಿ 'ಊಟ ಸೇರುವುದಿಲ್ಲ' ಎಂದರೆ ಹಸಿವಿಲ್ಲ, ರುಚಿಸುವುದಿಲ್ಲ ಎಂದರ್ಥ. 'ಅನ್ನ ಗಂಟಲಲ್ಲಿ ಇಳಿಯುವುದಿಲ್ಲ' ಎಂದರೆ ದುಃಖವೋ ಚಿಂತೆಯೋ ಇರಬೇಕು ಎಂದು ಕೇಳಿದವರು ತಿಳಿಯುತ್ತಾರೆ. ಮನೆಯ ಹಿರಿಯರು ಹಾಗೆಂದಾಗ ಯಾರೂ ಎಂಡೋಸ್ಕೋಪಿ ನೆನೆಯುವುದಿಲ್ಲ. ಮಗಳ ಮದುವೆಯ ಚಿಂತೆ, ಸಾಲದ ಚಿಂತೆ ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ರೋಗಿ ತನಗೆ ತಾನೇ ಉಪಾಯ ಕಂಡುಕೊಂಡಿರುತ್ತಾನೆ. ಒಣ ಜೋಳದ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾದರೆ ಸಾರಿನಲ್ಲಿ ನೆನೆಸಿ ತಿನ್ನುತ್ತಾನೆ. ಆಮೇಲೆ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ. ಆಮೇಲೆ ಗಂಜಿ. ಆಮೇಲೆ ನೀರೂ ನಿಲ್ಲುತ್ತದೆ. ಗಟ್ಟಿಯಿಂದ ತೆಳುವಿಗೆ ಇಳಿಯುವ ಈ ಸಾಲೇ ವೈದ್ಯರ ಪುಸ್ತಕದಲ್ಲಿರುವ ಮುಖ್ಯ ಲಕ್ಷಣ. ನಮ್ಮ ಮನೆಗಳಲ್ಲಿ ಅದು 'ವಯಸ್ಸಾಯಿತು, ಹಲ್ಲಿಲ್ಲ, ಗಂಜಿಯೇ ಸಾಕು ಅಂತಾರೆ' ಎಂಬ ಮಾತಿನಲ್ಲಿ ಕರಗಿಹೋಗುತ್ತದೆ.

ಕಾರಣಗಳ ವಿಚಾರದಲ್ಲೂ ಮುಂಬೈಗೆ ಹಳೆಯ ಅನುಭವವಿದೆ. ಡಾ. ದಾರಾಬ್ ಜಸ್ಸಾವಾಲಾ ಅವರ ನೇತೃತ್ವದಲ್ಲಿ 1963ರಲ್ಲಿ ಇಲ್ಲಿ ಆರಂಭವಾದ ಕ್ಯಾನ್ಸರ್ ನೋಂದಣಿ ಭಾರತದಲ್ಲಿ ಮೊದಲನೆಯದು. ಒಂದೇ ಊರಿನಲ್ಲಿದ್ದರೂ ಬೇರೆ ಬೇರೆ ಸಮುದಾಯಗಳಲ್ಲಿ ಬೇರೆ ಬೇರೆ ಅಂಗಗಳ ಕ್ಯಾನ್ಸರ್ ಹೆಚ್ಚೆಂದು ಅದರಿಂದ ಗೊತ್ತಾಯಿತು. ಊರಿನ ಗಾಳಿ ನೀರಿಗಿಂತ ಬಾಯಿಗೆ ಹಾಕಿಕೊಳ್ಳುವುದರ ಮೇಲೆ ಕಣ್ಣಿಡಬೇಕು ಎಂದು ಸಂಶೋಧಕರಿಗೆ ಸುಳಿವು ಸಿಕ್ಕಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದಿತು. ಹೊಗೆಸೊಪ್ಪು ಬೆರೆತ ಎಲೆ ಅಡಿಕೆಯಿಂದ ಅನ್ನನಾಳಕ್ಕೂ ಅಪಾಯ ಎಂದಿತು. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ನಾಡಿನ ನಮಗೆ ಇದು ಕೇಳಲು ಇಷ್ಟವಾಗುವ ಮಾತಲ್ಲ. ತೋಟ, ಸಾಲ, ಮಕ್ಕಳ ಓದು ಎಲ್ಲ ಅದರ ಮೇಲೆ ನಿಂತಿರುವ ಮನೆಗಳು ನನ್ನ ಬಂಧುಬಳಗದಲ್ಲೂ ಇವೆ. ಆದರೂ ತಾಂಬೂಲದ ತಟ್ಟೆ ಮುಂದೆ ಬಂದಾಗ ಈ ಮಾತು ಗೊತ್ತಿರಬೇಕು.

1913ರಲ್ಲಿ ರಬ್ಬರ್ ಕೊಳವೆಯಿಂದ ಉಂಡವಳಿಂದ ಹಿಡಿದು ಇಂದು ವಾರ ಹತ್ತು ದಿನದಲ್ಲಿ ನಡೆದು ಮನೆಗೆ ಹೋಗುವವರವರೆಗೆ, ಶಸ್ತ್ರಚಿಕಿತ್ಸಕರು ದಾರಿಯ ಬೆಲೆಯನ್ನು ಮೂವರಲ್ಲಿ ಒಬ್ಬರ ಪ್ರಾಣದಿಂದ, ಪಳಗಿದ ಕೈಗಳಲ್ಲಿ, ನೂರರಲ್ಲಿ ಕೆಲವರಿಗೆ ಇಳಿಸಿದ್ದಾರೆ. ಅದು ಅವರ ಪಾಲಿನ ಕೆಲಸ. ದಾರಿಯ ಬಾಯಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು ಮನೆಯವರ ಪಾಲಿನದು. ಮನೆಯಲ್ಲಿ ಯಾರಾದರೂ ಎರಡು ಮೂರು ವಾರಗಳಿಂದ ರೊಟ್ಟಿ ಬಿಟ್ಟು ಗಂಜಿಗೆ ಬಂದಿದ್ದರೆ, 'ಊಟ ಸೇರುತ್ತಿಲ್ಲವೇ, ಇಳಿಯುತ್ತಿಲ್ಲವೇ' ಎಂದು ಬಿಡಿಸಿ ಕೇಳಿ. ಇಳಿಯುತ್ತಿಲ್ಲ ಎಂದರೆ ಗ್ಯಾಸಿನ ಮಾತ್ರೆ ಕೊಟ್ಟು ಕಾಯಬೇಡಿ. ಎಂಡೋಸ್ಕೋಪಿ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದ ಕೆಲಸ. ಕತ್ತಿ ನುಂಗುವವರ ವಿದ್ಯೆಯೂ ಈಗ ಬೇಕಿಲ್ಲ.